ಪಾರ್ಸೆಲ್ ನಡೆಸುವುದೋ, ಬೀಗ ಹಾಕುವುದೋ: ಲಾಕ್‌ಡೌನಿನಲ್ಲಿ ಉಡುಪಿಯ ಒಂದು ಹೋಟೆಲಿನ ಲೆಕ್ಕ

ಪ್ರಶ್ನೆ (ಮೇ 2021): ಉಡುಪಿ ಸರ್ವಿಸ್ ಬಸ್ ನಿಲ್ದಾಣದ ಹತ್ತಿರ ನಮ್ಮದು 48 ಸೀಟಿನ ಸಸ್ಯಾಹಾರಿ ಹೋಟೆಲು. 11 ಜನ ಕೆಲಸದವರು, ಒಟ್ಟು ಸಂಬಳ ತಿಂಗಳಿಗೆ 1,32,000 ರೂ. ಬಾಡಿಗೆ 38,000, ಟರ್ಮ್ ಲೋನಿನ ಕಂತು 24,500. ಬ್ಯಾಂಕಿನ ಓವರ್‌ಡ್ರಾಫ್ಟಿನಲ್ಲಿ (ಓಡಿ) 4 ಲಕ್ಷ ಬಳಸಿಯಾಗಿದೆ. ಕಳೆದ ವರ್ಷ ಕೊರೊನಾ ಸಾಲವೆಂದು ಬ್ಯಾಂಕಿನವರು 2.6 ಲಕ್ಷ ಕೊಟ್ಟಿದ್ದರು. ಮೊದಲು ದಿನಕ್ಕೆ 18,000 ಕಲೆಕ್ಷನ್ ಇತ್ತು. ಮೇ 10ರಿಂದ ಏಳು ಜನರನ್ನು ಇಟ್ಟುಕೊಂಡು ಪಾರ್ಸೆಲ್ ಮಾತ್ರ ಕೊಡುತ್ತಿದ್ದೇವೆ, 3,500 ದಾಟುವುದಿಲ್ಲ. ಉಳಿದ ನಾಲ್ವರಿಗೆ ಅರ್ಧ ಸಂಬಳ. ಕೈಯಲ್ಲಿರುವುದು 1.6 ಲಕ್ಷ. ಹೋಟೆಲು ಪೂರ್ತಿ ಮುಚ್ಚಿ ಕಾಯುವುದು ವಾಸಿಯೇ? ಡೆಲಿವರಿ ಆ್ಯಪ್‌ಗೆ ಸೇರಬೇಕೇ? ಇನ್ನೂ ಸಾಲ ಮಾಡಬೇಕೇ?

ಉತ್ತರ (ಮೇ 2021ರ ದರ, ನಿಯಮಗಳಂತೆ): ಈಗ ನೀವು ನಡೆಸುತ್ತಿರುವ ರೀತಿಯಲ್ಲಾದರೆ, ತೆರೆದರೂ ಮುಚ್ಚಿದರೂ ಹೆಚ್ಚು ವ್ಯತ್ಯಾಸವಿಲ್ಲ. ಪಾರ್ಸೆಲ್ ವ್ಯಾಪಾರವೇ ಲಾಭವಿಲ್ಲದ್ದು ಎಂದು ಇದರಿಂದ ತಿಳಿಯಬಾರದು. ಕೂತು ತಿನ್ನುವ ಹೋಟೆಲಿನ ಮೆನುವನ್ನೂ ಅಲ್ಲಿನ ಜನಬಲವನ್ನೂ ಹಾಗೇ ಉಳಿಸಿಕೊಂಡು ಪಾರ್ಸೆಲ್ ಮಾಡುತ್ತಿರುವುದೇ ತೊಂದರೆ. ಲೆಕ್ಕ ಹಾಕಿ ನೋಡೋಣ.

ಮೊದಲು, ಪೂರ್ತಿ ಬೀಗ ಹಾಕಿದರೆ ತಿಂಗಳಿಗೆ ಎಷ್ಟು ಹೋಗುತ್ತದೆ? ಬಾಡಿಗೆ 38,000. ಕಂತು 24,500. ಓಡಿ ಬಡ್ಡಿ ಸುಮಾರು 4,000, ಕೊರೊನಾ ಸಾಲದ ಬಡ್ಡಿ ಸುಮಾರು 2,000. ವಿದ್ಯುತ್ ಕಂಪನಿ ಮೆಸ್ಕಾಂನ ನಿಗದಿತ ಶುಲ್ಕ, ಒಂದು ಫ್ರಿಜ್, ಫೋನು ಎಲ್ಲ ಸೇರಿ 3,500. ಎಲ್ಲರಿಗೂ ಅರ್ಧ ಸಂಬಳವೆಂದರೆ 66,000, ಅದರ ಇಎಸ್‌ಐ (ನೌಕರರ ರಾಜ್ಯ ವಿಮೆ) ಪಾಲು 2,000. ಒಟ್ಟು 1,40,000. ನಿಮ್ಮ 1.6 ಲಕ್ಷ 34 ದಿನಕ್ಕೆ ಮುಗಿಯುತ್ತದೆ. ಕಳೆದ ವರ್ಷ ಮಾರ್ಚ್ 25ಕ್ಕೆ ಮುಚ್ಚಿದ ಹೋಟೆಲುಗಳಲ್ಲಿ ಜನ ಕೂತು ತಿನ್ನಲು ಅನುಮತಿ ಸಿಕ್ಕಿದ್ದು ಜೂನ್ 8ಕ್ಕೆ, ಅಂದರೆ 75 ದಿನ ಕಳೆದ ಮೇಲೆ. ಈ ಸಲ ಲಾಕ್‌ಡೌನ್ ಸದ್ಯಕ್ಕೆ ಮೇ 24ರವರೆಗೆ ಎಂದಿದ್ದಾರೆ. ಆ ತಾರೀಕನ್ನು ನಂಬಿ ದುಡ್ಡಿನ ಲೆಕ್ಕ ಹಾಕಬೇಡಿ. ತೆರೆದ ಮರುದಿನವೇ ಮಣಿಪಾಲದ ವಿದ್ಯಾರ್ಥಿಗಳಾಗಲಿ ಮಠಕ್ಕೆ ಬರುವ ಯಾತ್ರಿಕರಾಗಲಿ ವಾಪಸ್ಸು ಬರುವುದಿಲ್ಲ, ಮೇಲಿಂದ ಮಳೆಗಾಲ. ಕೃಷ್ಣಾಷ್ಟಮಿ, ಮರುದಿನದ ವಿಟ್ಲಪಿಂಡಿ ಉತ್ಸವ ಕಳೆಯುವವರೆಗೆ ಕೈಯಲ್ಲಿ ದುಡ್ಡು ಉಳಿಯಬೇಕು ಎಂದು ಗುರಿ ಇಟ್ಟುಕೊಳ್ಳಿ.

ಈಗ ಪಾರ್ಸೆಲ್ ಲೆಕ್ಕ. 100 ರೂಪಾಯಿ ಮಾರಾಟದಲ್ಲಿ ಸಾಮಾನು 40, ಪ್ಯಾಕಿಂಗ್ 8, ಗ್ಯಾಸ್ 7 ಎಂದು ಹಿಡಿಯಿರಿ. ಉಳಿಯುವುದು 45. ದಿನಕ್ಕೆ 3,500ರಂತೆ ತಿಂಗಳಿಗೆ 1,05,000 ಮಾರಾಟ, ಅದರಲ್ಲಿ ಉಳಿಕೆ 47,250. ಆದರೆ ಏಳು ಜನ ಕೆಲಸಕ್ಕೆ ಬಂದರೆ ಅವರಿಗೆ ಪೂರ್ತಿ ಸಂಬಳ ಕೊಡಬೇಕು. ತಲೆಗೆ ಹೆಚ್ಚುವರಿ 6,000ದಂತೆ 42,000, ಹೆಚ್ಚಿನ ಕರೆಂಟು 3,500, ಒಟ್ಟು 45,500. ಅಂದರೆ ತಿಂಗಳಿಡೀ ದುಡಿದು ನಿಮಗೆ ದಕ್ಕುವುದು 1,750 ರೂಪಾಯಿ. ಅದೂ ಏನೂ ಹಾಳಾಗದಿದ್ದರೆ. ಪೂರ್ತಿ ಮೆನು ಇಟ್ಟಾಗ ಸಂಜೆ ಬಿಸಾಡುವ ಚಟ್ನಿ, ಹುಳಿ ಬಂದ ಹಿಟ್ಟು, ಹೋಗದೆ ಉಳಿದ ಪಲ್ಯ ಇವೆಲ್ಲ ಸೇರಿದರೆ ಆ 1,750 ಕೂಡ ಇಲ್ಲ.

ಅದೇ ಕೆಲಸವನ್ನು ಐದು ಜನರಲ್ಲಿ ಮಾಡಿದರೆ ಹೆಚ್ಚುವರಿ ಖರ್ಚು 33,500. ಅದನ್ನು 0.45ರಿಂದ ಭಾಗಿಸಿ ತಿಂಗಳ ದಿನಗಳಿಗೆ ಹಂಚಿ, ದಿನಕ್ಕೆ ಸುಮಾರು 2,500 ಬರುತ್ತದೆ. ಮೂರು ಜನರಲ್ಲಾದರೆ ಕರೆಂಟನ್ನೂ ಇಳಿಸಿ 20,500, ದಿನಕ್ಕೆ ಸುಮಾರು 1,500. ಈ ಎರಡು ಅಂಕಿಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಬರೆದಿಡಿ. ಐದು ಜನರಿದ್ದಾಗ ಒಂದು ವಾರದ ಸರಾಸರಿ 2,500ಕ್ಕಿಂತ ಕೆಳಗೆ ಬಂದರೆ ಮೂರಕ್ಕೆ ಇಳಿಸಿ. ಮೂರು ಜನರಿದ್ದೂ 1,500 ಮುಟ್ಟದಿದ್ದರೆ ಆಗ ಬೀಗ ಹಾಕಿ. ಒಂದು ದಿನದ ವ್ಯಾಪಾರ ನೋಡಿ ತೀರ್ಮಾನ ಮಾಡಬೇಡಿ. ಆದಿತ್ಯವಾರವೂ ಏಕಾದಶಿಯೂ ಲೆಕ್ಕ ಕೆಡಿಸುತ್ತವೆ.

ಯಾರಿಗೆ ಮಾರುವುದು

ನಿಮ್ಮ ಹಳೆಯ ಗಿರಾಕಿ ಬಸ್ಸಿಳಿದು ಬರುತ್ತಿದ್ದ. ಈಗ ಬಸ್ಸಿಲ್ಲ. ಆ ಗಿರಾಕಿಗಾಗಿ ಕೌಂಟರಿನಲ್ಲಿ ಕಾಯುವುದರಲ್ಲಿ ಅರ್ಥವಿಲ್ಲ. ಆದರೆ ಇದೇ ಹೊತ್ತಿನಲ್ಲಿ ಊಟಕ್ಕೆ ನಿಜವಾಗಿ ಕಷ್ಟಪಡುತ್ತಿರುವ ಮನೆಗಳು ನಿಮ್ಮ ಹೋಟೆಲಿನಿಂದ ಮೂರು ಕಿಲೋಮೀಟರ್ ಒಳಗೆ ಬೇಕಾದಷ್ಟಿವೆ. ಪಾಸಿಟಿವ್ ಬಂದು ಮನೆಯಲ್ಲೇ ಪ್ರತ್ಯೇಕವಾಗಿರುವ ಕುಟುಂಬಗಳು, ಮಕ್ಕಳು ಮುಂಬಯಿಯಲ್ಲೋ ಗಲ್ಫಿನಲ್ಲೋ ಇದ್ದು ಇಲ್ಲಿ ಇಬ್ಬರೇ ಉಳಿದ ವಯಸ್ಸಾದ ತಂದೆತಾಯಿ, ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ರೋಗಿಯ ಜೊತೆ ನಿಂತವರು, ಬಾಡಿಗೆ ರೂಮಿನ ನರ್ಸುಗಳು, ಮೆಡಿಕಲ್ ಶಾಪಿನವರು, ಬ್ಯಾಂಕಿನವರು. ಇವರಿಗೆ ಬೇಕಾದದ್ದು ಮಸಾಲೆದೋಸೆಯಲ್ಲ, ದಿನಕ್ಕೆರಡು ಹೊತ್ತು ತಪ್ಪದೆ ಬರುವ ಸರಳ ಊಟ.

ಇದನ್ನು ವಾರದ ಊಟವೆಂದು ಮಾರಿ, ಹಣವನ್ನು ಮುಂಗಡವಾಗಿ ತೆಗೆದುಕೊಳ್ಳಿ. ಇಡೀ ಉತ್ತರದಲ್ಲಿ ಒಂದೇ ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ. ಒಂದು ಊಟಕ್ಕೆ 70 ರೂ., ದಿನಕ್ಕೆರಡು, ಏಳು ದಿನ, ತಲೆಗೆ 980. 40 ಜನ ಸೇರಿದರೆ ಸೋಮವಾರ ಬೆಳಿಗ್ಗೆ 39,200 ನಿಮ್ಮ ಖಾತೆಯಲ್ಲಿರುತ್ತದೆ. ಸಾಮಾನನ್ನು ಕೊಳ್ಳುವುದು ಆಮೇಲೆ. ಸಾಲವೂ ಬೇಡ, ಓಡಿಯೂ ಬೇಡ. ಎಷ್ಟು ಊಟವೆಂದು ಹಿಂದಿನ ದಿನವೇ ಗೊತ್ತಿರುವುದರಿಂದ ಹಾಳಾಗುವುದು ಬಹುತೇಕ ನಿಂತುಹೋಗುತ್ತದೆ. 70 ರೂಪಾಯಿಯ ಊಟದಲ್ಲಿ ಸಾಮಾನು 26, ಡಬ್ಬಿ 7, ಗ್ಯಾಸ್ 4, ಪೆಟ್ರೋಲು 5 ಕಳೆದರೆ 28 ಉಳಿಯುತ್ತದೆ. ದಿನಕ್ಕೆ 80 ಊಟವಾದರೆ 2,240, ತಿಂಗಳಿಗೆ 67,200.

ಮೊದಲ 40 ಜನ ಎಲ್ಲಿಂದ ಬರುತ್ತಾರೆ ಎಂದರೆ ಪೋಸ್ಟರಿನಿಂದಲ್ಲ. ಕಲ್ಸಂಕ, ಕುಂಜಿಬೆಟ್ಟು, ಅಂಬಲಪಾಡಿ ಕಡೆಯ ಎರಡು ಮೂರು ಅಪಾರ್ಟ್‌ಮೆಂಟುಗಳ ಕಾರ್ಯದರ್ಶಿಗಳಿಗೆ, ವಾರ್ಡಿನ ಆಶಾ ಕಾರ್ಯಕರ್ತೆಗೆ, ನಗರಸಭೆ ಸದಸ್ಯರಿಗೆ ಫೋನು ಮಾಡಿ. ಯಾವ ಮನೆಯಲ್ಲಿ ಅಡುಗೆಗೆ ಜನವಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ರೋಗಿಯ ಹೆಸರು ಕೇಳಬೇಡಿ, ನಿಮ್ಮ ನಂಬರನ್ನು ಆ ಮನೆಗೆ ಮುಟ್ಟಿಸಿದರೆ ಸಾಕು. ಪರವೂರಿನಲ್ಲಿರುವ ಮಕ್ಕಳು ಹಣ ಕಟ್ಟುವುದಾದರೆ ಒಂದು ಎಚ್ಚರಿಕೆ ಇದೆ. ನಿಮ್ಮ ಖಾತೆ ಹಿಂದೆ ಸಿಂಡಿಕೇಟ್ ಬ್ಯಾಂಕಿನಲ್ಲಿದ್ದು ಈಗ ಕೆನರಾಕ್ಕೆ ಬಂದಿದ್ದರೆ, ಎಸ್‌ವೈಎನ್‌ಬಿ ಎಂದು ಶುರುವಾಗುವ ಹಳೆಯ ಐಎಫ್‌ಎಸ್‌ಸಿ ಜುಲೈ 1ರಿಂದ ನಡೆಯುವುದಿಲ್ಲ. ಬಿಲ್ಲಿನಲ್ಲೂ ವಾಟ್ಸಾಪಿನಲ್ಲೂ ಹೊಸ ಕೋಡನ್ನೇ ಹಾಕಿ. ಇಲ್ಲದಿದ್ದರೆ ಕಟ್ಟಿದ ದುಡ್ಡು ವಾಪಸ್ಸು ಹೋಗಿ, ಊಟ ಮಾತ್ರ ಮನೆಗೆ ಹೋಗುತ್ತಿರುತ್ತದೆ.

ಪಾಸಿಟಿವ್ ಇರುವ ಮನೆಗಳಿಗೆ ಬಿಸಾಡುವ ಡಬ್ಬಿಯಲ್ಲೇ ಕೊಡಿ, ಗೇಟಿನ ಹೊರಗಿನ ಸ್ಟೂಲಿನ ಮೇಲಿಟ್ಟು ಫೋನು ಮಾಡಿ ಬನ್ನಿ, ಅಲ್ಲಿಂದ ಏನನ್ನೂ ವಾಪಸ್ಸು ತರಬೇಡಿ. ಉಳಿದ ಮನೆಗಳಿಗೆ ಸ್ಟೀಲಿನ ಬುತ್ತಿ ಕ್ಯಾರಿಯರ್ ಎರಡೆರಡು ಸೆಟ್ಟು ಮಾಡಿದರೆ ಡಬ್ಬಿಯ 7 ರೂಪಾಯಿ ಉಳಿಯುತ್ತದೆ. ಸರಬರಾಜಿಗೆ ನಿಮ್ಮ ಸಪ್ಲೈಯರುಗಳಲ್ಲಿ ಸ್ವಂತ ಸ್ಕೂಟರ್ ಇರುವ ಇಬ್ಬರು ಸಾಕು. 11.30ಕ್ಕೊಂದು ಸುತ್ತು, 6.30ಕ್ಕೊಂದು ಸುತ್ತು. ಅವರ ಕೈಯಲ್ಲಿ ಹೋಟೆಲಿನ ಲೆಟರ್‌ಹೆಡ್ಡಿನ ಗುರುತುಪತ್ರ, ಫೋಟೋ, ಆಹಾರ ಪರವಾನಗಿಯ ಪ್ರತಿ, ಆ ದಿನದ ಮನೆಗಳ ಪಟ್ಟಿ ಇರಲಿ. ಪೊಲೀಸರು ತಡೆದಾಗ ವಾದ ಮಾಡುವುದಕ್ಕಿಂತ ಪಟ್ಟಿ ತೋರಿಸುವುದು ಬೇಗ ಮುಗಿಯುತ್ತದೆ.

ಡೆಲಿವರಿ ಆ್ಯಪ್ ಬಗ್ಗೆ ಕೇಳಿದ್ದೀರಿ. ಕಮಿಷನ್ 22 ಶೇಕಡ ಎಂದಿಟ್ಟುಕೊಳ್ಳಿ, ಅದರ ಮೇಲೆ 18 ಶೇಕಡ ಜಿಎಸ್‌ಟಿ. 100 ರೂಪಾಯಿಗೆ 26 ಹೋಗುತ್ತದೆ. 45ರಲ್ಲಿ ಉಳಿಯುವುದು 19. ಮೂರು ಕಿಲೋಮೀಟರಿನೊಳಗೆ ನಿಮ್ಮದೇ ಹುಡುಗರು ಸ್ಕೂಟರಿನಲ್ಲಿ ಹೋಗುವಾಗ ಇದು ಬೇಡ. ಇನ್ನೊಂದು ವಿಷಯ: ನೀವು ಜಿಎಸ್‌ಟಿ ಕಾಂಪೊಸಿಷನ್‌ನಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ಮಾರಾಟದ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಯೋಜನೆ) ಇಂಥ ಆ್ಯಪ್ ಮೂಲಕ ಮಾರುವ ಹಾಗಿಲ್ಲ, ಸೇರಿದರೆ ಕಾಂಪೊಸಿಷನ್ ಬಿಡಬೇಕಾಗುತ್ತದೆ. ಆಡಿಟರನ್ನು ಕೇಳದೆ ಸಹಿ ಹಾಕಬೇಡಿ.

ಏನು ಮಾಡಿ ಕೊಡುವುದು

ಊಟದ ಡಬ್ಬಿಯಲ್ಲಿ ನಾಲ್ಕೇ ಪದಾರ್ಥ ಸಾಕು: ಅನ್ನ, ಸಾರು ಅಥವಾ ಸಾಂಬಾರು, ಒಂದು ಪಲ್ಯ, ಮಜ್ಜಿಗೆ. ಜ್ವರದವರ ಮನೆಗೆ, ವಯಸ್ಸಾದವರಿಗೆ ರಾತ್ರಿ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಉಪ್ಪಿನಕಾಯಿ, ಸುಟ್ಟ ಹಪ್ಪಳ. ನಿಮಗೆ ಸಾಮಾನೂ ಗ್ಯಾಸೂ ಉಳಿಯುತ್ತದೆ, ಅವರಿಗೆ ಒಗ್ಗುತ್ತದೆ. ಕಾಳುಮೆಣಸಿನ ಸಾರು ಕೊಡಿ, ಆದರೆ ಇದು ಕುಡಿದರೆ ಕೊರೊನಾ ವಾಸಿಯಾಗುತ್ತದೆ ಎಂಬ ಬೋರ್ಡು ಹಾಕಬೇಡಿ. ಅದು ಸುಳ್ಳು, ಮತ್ತು ಅದನ್ನು ನಂಬಿ ಆಸ್ಪತ್ರೆಗೆ ಹೋಗಲು ತಡಮಾಡಿದವರ ಪ್ರಾಣಕ್ಕೇ ಸಂಚಕಾರ.

ಮೇ ತಿಂಗಳ ಕರಾವಳಿ ಸೆಕೆಯಲ್ಲಿ ಪಾರ್ಸೆಲ್ ಕೆಡುವುದು ಹೆಚ್ಚಾಗಿ ತೆಂಗಿನಕಾಯಿಯಿಂದ. ಹಸಿ ಕಾಯಿಚಟ್ನಿ, ಕಾಯಿ ಅರೆದು ಹಾಕಿದ ಮಜ್ಜಿಗೆಹುಳಿ ಮೂರು ನಾಲ್ಕು ಗಂಟೆಯಲ್ಲಿ ಹಳಸುತ್ತವೆ. ಸುತ್ತಿನ ಕೊನೆಯ ಮನೆಗೆ ಹೋಗುವ ಡಬ್ಬಿ ತುಂಬಿ ಒಂದೂವರೆ ಗಂಟೆಯಾಗಿರುತ್ತದೆ, ಅವರು ಉಣ್ಣುವುದು ಇನ್ನೊಂದು ಗಂಟೆ ಬಿಟ್ಟು. ಹಾಗಾಗಿ ಚಟ್ನಿಗೆ ಬದಲು ಚಟ್ನಿಪುಡಿ, ಕಾಯಿ ಹಾಕಿದ ಹುಳಿಗೆ ಬದಲು ತೊವ್ವೆ ಅಥವಾ ಬೇಳೆ ಸಾರು. ಕಾಯಿ ಹಾಕಲೇಬೇಕೆಂದರೆ ಅರೆದದ್ದನ್ನು ಚೆನ್ನಾಗಿ ಕುದಿಸಿ, ಬಡಿಸುವವರೆಗೂ 60 ಡಿಗ್ರಿಗಿಂತ ಬಿಸಿಯಾಗಿಡಿ. 400 ರೂಪಾಯಿಗೆ ಸಿಗುವ ಅಡುಗೆ ಥರ್ಮಾಮೀಟರ್ ಒಂದು ತನ್ನಿ, ಕೈಬೆರಳಿನ ಅಂದಾಜು ಈ ವಿಷಯದಲ್ಲಿ ಸಾಲದು. ಮಧ್ಯಾಹ್ನದ ಅನ್ನವನ್ನು ರಾತ್ರಿ ಡಬ್ಬಿಗೆ ಹಾಕಬೇಡಿ. ಬಿಸಿ ಮಾಡಿದರೂ ಅನ್ನದಲ್ಲಿ ಹುಟ್ಟಿದ ವಿಷ ಹೋಗುವುದಿಲ್ಲ, ಒಂದೇ ಮನೆಯಲ್ಲಿ ವಾಂತಿಯಾದರೂ 40 ಮನೆಯ ವಿಶ್ವಾಸ ಒಟ್ಟಿಗೆ ಹೋಗುತ್ತದೆ.

ಬೆಳಗಿನ ಕೌಂಟರ್ ಬೇರೆ ಕಥೆ. ದಿನಸಿ, ತರಕಾರಿಗೆ ಜನ ಹೊರಬರುವುದು 6ರಿಂದ 10ರೊಳಗೆ. ನಿಮ್ಮ ತಿಂಡಿಯೂ ಆ ಹೊತ್ತಿಗೇ ಮುಗಿಯಬೇಕು. ಮಸಾಲೆದೋಸೆಯನ್ನು ಪಟ್ಟಿಯಿಂದ ತೆಗೆಯಿರಿ. ಮಡಿಸಿ ಕಟ್ಟಿದ ಹತ್ತು ನಿಮಿಷದಲ್ಲಿ ಅದರದೇ ಹಬೆಗೆ ಮೆತ್ತಗಾಗುತ್ತದೆ. ಗೋಳಿಬಜೆಗೂ ಇದೇ ಗತಿ. ಅದಕ್ಕಾಗಿ ಕಾವಲಿಯೂ ಬಾಣಲೆಯೂ ಬಿಸಿ ಇಟ್ಟು ಗ್ಯಾಸ್ ಸುಡುವುದು ಬೇಡ. ಇಡ್ಲಿ, ಬನ್ಸ್, ವಾರಕ್ಕೆರಡು ದಿನ ಕೊಟ್ಟೆ ಕಡುಬು, ಇಷ್ಟು ಸಾಕು. ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಕಡುಬಿಗೆ ಬೇರೆ ಪ್ಯಾಕಿಂಗೇ ಬೇಡ, ಸಂಜೆಯವರೆಗೂ ಚೆನ್ನಾಗಿರುತ್ತದೆ. ನೀರುದೋಸೆಗೆ ಕೇಳುವವರಿದ್ದರೆ ಕೊಡಬಹುದು. ಆದರೆ ಬಿಸಿಬಿಸಿಯಾಗಿ ಒಂದರ ಮೇಲೊಂದು ಹಾಕಿದರೆ ಅಂಟಿ ಮುದ್ದೆಯಾಗುತ್ತದೆ. ಒಂದೊಂದನ್ನೂ ಮಡಿಸಿ, ಬಟ್ಟೆಯ ಮೇಲೆ ಒಂದು ನಿಮಿಷ ಆರಲು ಬಿಟ್ಟು ಆಮೇಲೆ ಕಟ್ಟಿ.

ಪಾರ್ಸೆಲಿಗೆ ಬನ್ಸಿನಷ್ಟು ಹೊಂದುವ ತಿಂಡಿ ನಮ್ಮಲ್ಲಿ ಇನ್ನೊಂದಿಲ್ಲ. 1 ಕೆಜಿ ಮೈದಾಕ್ಕೆ ಚೆನ್ನಾಗಿ ಕಳಿತ ಬಾಳೆಹಣ್ಣಿನ ತಿರುಳು 550 ಗ್ರಾಂ, ಸಕ್ಕರೆ 175 ಗ್ರಾಂ, ಮೊಸರು 100 ಮಿಲೀ, ಸೋಡಾ ಒಂದು ಚಮಚ, ಜೀರಿಗೆ, ಉಪ್ಪು. 55 ಗ್ರಾಂ ಉಂಡೆಯಂತೆ 32ರಿಂದ 34 ಬನ್ಸ್. ಚಳಿಗಾಲದಲ್ಲಿ ರಾತ್ರಿಯಿಡೀ ಹೊರಗಿಡುವ ಹಿಟ್ಟನ್ನು ಈ ಸೆಕೆಯಲ್ಲಿ ಹಾಗೆ ಬಿಟ್ಟರೆ ಬೆಳಿಗ್ಗೆ ನೀರೊಡೆದು ಹುಳಿಯಾಗಿರುತ್ತದೆ, ಲಟ್ಟಿಸಲು ಒಣಮೈದಾ ಹೆಚ್ಚು ಬೇಕಾಗುತ್ತದೆ, ಎಣ್ಣೆಯನ್ನೂ ಕುಡಿಯುತ್ತದೆ. ಸಂಜೆ ಏಳಕ್ಕೆ ಕಲಸಿ, ಹನ್ನೊಂದಕ್ಕೆ ಫ್ರಿಜ್ಜಿಗೆ ಸೇರಿಸಿ. ಹಣ್ಣು ತೀರಾ ಸಿಹಿಯಿದ್ದರೆ ಸಕ್ಕರೆ 50 ಗ್ರಾಂ ಕಡಿಮೆ ಮಾಡಿ, ಇಲ್ಲದಿದ್ದರೆ ಹೊರಗೆ ಕರ್ರಗಾಗಿ ಒಳಗೆ ಹಸಿಯಾಗಿರುತ್ತದೆ. ಎಣ್ಣೆ 170ರಿಂದ 180 ಡಿಗ್ರಿ. ಕರಿದ ಮೇಲೆ ಜಾಲರಿಯ ಮೇಲೆ ಕಾಲುಗಂಟೆ ಆರಿಸಿ ಕಾಗದದ ಚೀಲಕ್ಕೆ ಹಾಕಿ, ಪ್ಲಾಸ್ಟಿಕ್ ಬೇಡ. ಹಾಗೆ ಮಾಡಿದ ಬನ್ಸ್ ಸಂಜೆ ಚಹಾಕ್ಕೂ ನಡೆಯುತ್ತದೆ, ಗಿರಾಕಿ ಎರಡು ಹೆಚ್ಚೇ ಒಯ್ಯುತ್ತಾರೆ.

ದೋಸೆಹಿಟ್ಟನ್ನು ಪ್ಯಾಕೆಟ್ ಮಾಡಿ ಅಂಗಡಿಗಳಿಗೆ ಹಾಕುವ ಯೋಚನೆ ಈಗ ಪ್ರತಿ ಹೋಟೆಲಿನವರ ತಲೆಯಲ್ಲೂ ಇದೆ. ಲೆಕ್ಕ ಆಸೆ ಹುಟ್ಟಿಸುವಂಥದ್ದೇ: 1 ಕೆಜಿ ಉದ್ದು, 3 ಕೆಜಿ ಅಕ್ಕಿ, 40 ಗ್ರಾಂ ಮೆಂತೆಯಿಂದ ಸುಮಾರು 8ರಿಂದ 9 ಕೆಜಿ ಹಿಟ್ಟು ಬರುತ್ತದೆ, ಕೆಜಿಗೆ ಸುಮಾರು 29 ರೂ. ಬೀಳುತ್ತದೆ, 50ಕ್ಕೆ ಮಾರಬಹುದು. ಆದರೂ ಮೊದಲ ತಿಂಗಳಲ್ಲಿ ಪ್ಯಾಕೆಟಿಗೆ ಕೈಹಾಕಬೇಡಿ. ಪ್ಯಾಕ್ ಮಾಡಿ ಮಾರುವುದಾದರೆ ಹೋಟೆಲಿನ ಆಹಾರ ಪರವಾನಗಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಫಾಸ್ಕಾಸ್ ಪೋರ್ಟಲಿನಲ್ಲಿ ತಯಾರಿಕೆಯ ವಿಭಾಗ ಸೇರಿಸಬೇಕು, ತೂಕ ಮತ್ತು ಅಳತೆ ಇಲಾಖೆಯಲ್ಲಿ ಪ್ಯಾಕರ್ ಎಂದು ನೋಂದಾಯಿಸಬೇಕು, ಲೇಬಲಿನಲ್ಲಿ 14 ಅಂಕಿಯ ಪರವಾನಗಿ ಸಂಖ್ಯೆ, ನಿವ್ವಳ ತೂಕ, ತಯಾರಿಸಿದ ದಿನ, ಬಳಸಬೇಕಾದ ಕೊನೆಯ ದಿನ, ಎಂಆರ್‌ಪಿ, ಹಸಿರು ಗುರುತು ಎಲ್ಲ ಇರಬೇಕು. ಅದಕ್ಕಿಂತ ದೊಡ್ಡ ತೊಂದರೆ ತಂಪಿನದು. ಗ್ರೈಂಡರಿನ ಕಲ್ಲು ಬಿಸಿಯಾಗಿ ಹಿಟ್ಟು 30 ಡಿಗ್ರಿ ದಾಟಿದರೆ ಅಲ್ಲೇ ಹುದುಗು ಶುರು. ಅಂಗಡಿಯವರು ರಾತ್ರಿ ಫ್ರಿಜ್ ಆಫ್ ಮಾಡಿದರೆ ಬೆಳಿಗ್ಗೆ ಪ್ಯಾಕೆಟ್ ಉಬ್ಬಿ ಒಡೆದಿರುತ್ತದೆ, ಹಾಳಾದದ್ದೆಲ್ಲ ನಿಮ್ಮ ಲೆಕ್ಕಕ್ಕೆ. ಬದಲಿಗೆ ಬೆಳಗಿನ ಕೌಂಟರಿನಲ್ಲೇ ತಕ್ಕಡಿ ಇಟ್ಟು, ಗಿರಾಕಿ ತಂದ ಪಾತ್ರೆಗೆ ಸಡಿಲವಾಗಿ ತೂಗಿಕೊಡಿ. ಅರೆಯುವಾಗ ಕೊನೆಯ ನೀರಿಗೆ ಮಂಜುಗಡ್ಡೆ ಹಾಕಿ, ಹುದುಗುವ ಮೊದಲೇ ಫ್ರಿಜ್ಜಿಗಿಡಿ, ಎಷ್ಟು ಹೊತ್ತು ಹೊರಗಿಟ್ಟರೆ ಹುಳಿ ಬರುತ್ತದೆಂದು ಹೇಳಿಕೊಡಿ. ದಿನಕ್ಕೆ 10 ಕೆಜಿ ಹೋದರೂ 200 ರೂಪಾಯಿ ಉಳಿಯಿತು, ಕಾಗದಪತ್ರದ ತಲೆನೋವಿಲ್ಲದೆ.

ಬನ್ಸ್, ಇಡ್ಲಿ, ಹಿಟ್ಟು ಎಲ್ಲ ಸೇರಿ ದಿನಕ್ಕೆ 2,000 ಮಾರಾಟವಾದರೆ ತಿಂಗಳಿಗೆ 27,000 ಉಳಿಕೆ. ಊಟಕ್ಕೂ ತಿಂಡಿಗೂ ಅದೇ ಐದು ಜನ: ಅಡುಗೆ ಭಟ್ಟರು, ಸಹಾಯಕರು ಇಬ್ಬರು, ಸ್ಕೂಟರಿನವರು ಇಬ್ಬರು.

ಕೆಲಸದವರು

ಉಳಿದ ಆರು ಜನರನ್ನು ಊರಿಗೆ ಕಳಿಸಿಬಿಡುವುದು ಸುಲಭ. ಆದರೆ ಭಟ್ಟರು ಅಥವಾ ದೋಸೆ ಹಾಕುವವರು ಒಮ್ಮೆ ಬಿಟ್ಟುಹೋದರೆ ಅದೇ ಕೈರುಚಿಯವರನ್ನು ಹುಡುಕಲು ತಿಂಗಳುಗಳೇ ಬೇಕು, ಹಳೆ ಗಿರಾಕಿ ಮೊದಲ ತುತ್ತಿನಲ್ಲೇ ಗುರುತು ಹಿಡಿಯುತ್ತಾರೆ. ಎಲ್ಲರನ್ನೂ ಕೂರಿಸಿ ಮೇಲಿನ ಲೆಕ್ಕವನ್ನು ಹಾಗೇ ತೋರಿಸಿ. ಅರ್ಧ ಸಂಬಳ ಎಷ್ಟು ತಿಂಗಳು, ಯಾವ ಮಾರಾಟ ಮುಟ್ಟಿದರೆ ಪೂರ್ತಿ, ಎರಡು ಹೊತ್ತಿನ ಊಟ ಮತ್ತು ರೂಮು ಉಚಿತ, ಇದನ್ನೆಲ್ಲ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆ ಸಹಿ ಮಾಡಿ. ಅರ್ಧ ಸಂಬಳದಲ್ಲಿ ಸಂಸಾರ ನಡೆಸುವುದು ಎಷ್ಟು ಕಷ್ಟ ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ, ವಾರದ ಊಟ 80 ದಾಟಿದ ದಿನ ಮೊದಲು ಏರಿಸಬೇಕಾದದ್ದು ಅದನ್ನೇ. ಹತ್ತು ದಿನಕ್ಕೊಮ್ಮೆ ತಂಡ ಬದಲಿಸಿ, ಸಾಧ್ಯವಾದಷ್ಟು ಎಲ್ಲರಿಗೂ ಪೂರ್ತಿ ಸಂಬಳದ ದಿನಗಳು ಬರಲಿ. ಎರಡು ತಂಡದವರು ಒಂದೇ ರೂಮಿನಲ್ಲಿ ಮಲಗದಂತೆ ನೋಡಿಕೊಂಡರೆ ಒಬ್ಬರಿಗೆ ಪಾಸಿಟಿವ್ ಬಂದರೂ ಇನ್ನೊಂದು ತಂಡ ಅಡುಗೆಮನೆ ನಡೆಸುತ್ತದೆ. ಖಾಲಿ ಬಿದ್ದಿರುವ ನಿಮ್ಮ ಹಾಲ್ ಇದಕ್ಕೆ ಉಪಯೋಗಕ್ಕೆ ಬರುತ್ತದೆ.

ಹತ್ತಕ್ಕಿಂತ ಹೆಚ್ಚು ಜನರಿರುವುದರಿಂದ ನಿಮಗೆ ಇಎಸ್‌ಐ ಅನ್ವಯಿಸುತ್ತದೆ. ಈ ಹೊತ್ತಿನಲ್ಲಿ ಅದನ್ನು ನಿಲ್ಲಿಸಲೇಬೇಡಿ. 6,000 ಸಂಬಳಕ್ಕೆ ನಿಮ್ಮ ಪಾಲು 3.25 ಶೇಕಡ, 195 ರೂ.; ಅವರದು 0.75 ಶೇಕಡ, 45 ರೂ. ಕಾಯಿಲೆ ಬಿದ್ದರೆ ಸಂಬಳದ 70 ಶೇಕಡ, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಆದರೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಈಗ ಎರಡು ತಿಂಗಳು ಬಿಟ್ಟರೆ ಮುಂದೆ ಬೇಕಾದಾಗ ಅವರಿಗೆ ಸಿಗದೆ ಹೋಗಬಹುದು.

ಬಾಡಿಗೆ ಮತ್ತು ಬ್ಯಾಂಕು

ಬಾಡಿಗೆ ಮನ್ನಾ ಮಾಡಿ ಎಂದು ಕೇಳಿದರೆ ಮಾಲೀಕರು ಇಲ್ಲವೆನ್ನುವುದು ಸುಲಭ. ಹಾಗಾಗಿ ಅವರಿಗೂ ಒಪ್ಪುವುದಕ್ಕೆ ಬರುವ ಒಂದು ಪ್ರಸ್ತಾಪ ಇಟ್ಟುಕೊಂಡು ಹೋಗಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 19,000 ನಗದು, ಉಳಿದ 19,000 ನಿಮ್ಮ ಅಡ್ವಾನ್ಸಿನಿಂದ ವಜಾ, ಅಕ್ಟೋಬರಿನಿಂದ ಹನ್ನೆರಡು ಕಂತಿನಲ್ಲಿ ಅಡ್ವಾನ್ಸ್ ಮತ್ತೆ ತುಂಬಿಕೊಡುವುದು. ಅವರ ಗಂಟೇನೂ ಮುಳುಗುವುದಿಲ್ಲ, ನಿಮಗೆ ನಗದು ಉಳಿಯುತ್ತದೆ. ಮಾಲೀಕರು ಮುಂಬಯಿಯಲ್ಲೋ ದುಬಾಯಿಯಲ್ಲೋ ಇದ್ದರೆ ಫೋನಿನಲ್ಲಿ ಒಪ್ಪಿದ್ದನ್ನು ಅದೇ ದಿನ ವಾಟ್ಸಾಪಿನಲ್ಲಿ ಬರೆದು ಕಳಿಸಿ, "ಸರಿ" ಎಂಬ ಉತ್ತರ ತರಿಸಿಕೊಳ್ಳಿ.

ಬ್ಯಾಂಕಿನಲ್ಲಿ ಮಾಡಬೇಕಾದದ್ದು ಎರಡು. ಮೊದಲನೆಯದು ಟರ್ಮ್ ಲೋನಿನ ಮರುಹೊಂದಾಣಿಕೆ, ಅಂದರೆ ಕಂತನ್ನೂ ಅವಧಿಯನ್ನೂ ಬದಲಿಸಿಕೊಳ್ಳುವುದು. ಕಳೆದ ವರ್ಷದ ಹಾಗೆ ಎಲ್ಲರಿಗೂ ಆಗಸ್ಟ್‌ವರೆಗೆ ಕಂತಿನ ವಿರಾಮ ಈ ಸಲ ಇಲ್ಲ. ಆದರೆ ಮೇ 5ರಂದು ರಿಸರ್ವ್ ಬ್ಯಾಂಕ್ ಸಣ್ಣ ಉದ್ಯಮಗಳಿಗೆ ಎರಡನೇ ಸುತ್ತಿನ ಮರುಹೊಂದಾಣಿಕೆಗೆ ಅವಕಾಶ ಕೊಟ್ಟಿದೆ. ಮಾರ್ಚ್ 31, 2021ಕ್ಕೆ ನಿಮ್ಮ ಖಾತೆ ಎನ್‌ಪಿಎ (ಕಂತು ನಿಂತುಹೋದ ಸಾಲ) ಆಗಿರಬಾರದು, ಹಿಂದೆ ಮರುಹೊಂದಾಣಿಕೆ ಮಾಡಿಸಿರಬಾರದು, ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಾದ ಉದ್ಯಮ್ ನೋಂದಣಿ ಇರಬೇಕು. ಸೆಪ್ಟೆಂಬರ್ 30ರೊಳಗೆ ಒಪ್ಪಿಗೆಯಾಗಬೇಕು. ಉದ್ಯಮ್ ನೋಂದಣಿ ಆಧಾರ್ ಮತ್ತು ಪ್ಯಾನ್ ಇದ್ದರೆ ಆನ್‌ಲೈನಿನಲ್ಲಿ ಉಚಿತ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಕಂತು ತಪ್ಪಿದ ಮೇಲೆ ಹೋಗುವುದಕ್ಕಿಂತ ತಪ್ಪುವ ಮೊದಲೇ ಅರ್ಜಿ ಕೊಡಿ. ಜೊತೆಗೆ 2019, 2020ರ ಏಪ್ರಿಲ್-ಮೇ ಮಾರಾಟ, ಈ ತಿಂಗಳ ಮಾರಾಟ, ಮೇಲಿನ ಐದು ಜನರ ಲೆಕ್ಕ, ಮುಂದಿನ 13 ವಾರಗಳ ಜಮಾಖರ್ಚು ಪಟ್ಟಿ ಲಗತ್ತಿಸಿ. ಶಾಖೆಯವರು ಮೇಲಿನವರಿಗೆ ಕಳಿಸಬೇಕಾದ ಟಿಪ್ಪಣಿಯ ಮುಕ್ಕಾಲು ಭಾಗ ಅದರಲ್ಲೇ ಸಿದ್ಧವಾಗಿರುತ್ತದೆ. ವಿರಾಮದ ತಿಂಗಳುಗಳಲ್ಲಿ ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಅದನ್ನು ಮರೆಯಬೇಡಿ.

ಎರಡನೆಯದು ಕೊರೊನಾ ಸಾಲ, ಅಂದರೆ ಸರ್ಕಾರದ ಖಾತರಿಯ ತುರ್ತು ಸಾಲ (ಇಸಿಎಲ್‌ಜಿಎಸ್). ಕಳೆದ ವರ್ಷ ನಿಮಗೆ ಸಿಕ್ಕಿದ್ದು ಫೆಬ್ರವರಿ 29, 2020ರ ಬಾಕಿಯ 20 ಶೇಕಡ. ಹೋಟೆಲು, ಪ್ರವಾಸೋದ್ಯಮಕ್ಕೆ ಈಗಿನ ಮೂರನೇ ಯೋಜನೆಯಲ್ಲಿ ಒಟ್ಟು 40 ಶೇಕಡದವರೆಗೆ ಅವಕಾಶವಿದೆ: ಆರು ವರ್ಷದ ಅವಧಿ, ಮೊದಲ ಎರಡು ವರ್ಷ ಬಡ್ಡಿ ಮಾತ್ರ, ಬ್ಯಾಂಕುಗಳಲ್ಲಿ ಬಡ್ಡಿ 9.25 ಶೇಕಡ ಮೀರಬಾರದು, ಹೊಸ ಅಡಮಾನ ಕೇಳುವಂತಿಲ್ಲ. ಜೂನ್ 30 ಕೊನೆಯ ದಿನ. ಬಾಕಿ 13 ಲಕ್ಷವಿದ್ದರೆ ಇನ್ನೊಂದು 2.6 ಲಕ್ಷ ಸಿಗಬಹುದು. ಮಂಜೂರು ಮಾಡಿಸಿಕೊಳ್ಳಿ, ಆದರೆ ಅದನ್ನು ಅರ್ಧ ಸಂಬಳಕ್ಕೂ ಬಾಡಿಗೆಗೂ ಸುರಿಯಬೇಡಿ. ಹೋಟೆಲು ಪೂರ್ತಿ ತೆರೆಯುವ ಮೊದಲ ತಿಂಗಳು ಸಾಮಾನು, ಪೂರ್ತಿ ಸಂಬಳ ಎಲ್ಲ ಒಟ್ಟಿಗೆ ಬಂದು ಬೀಳುತ್ತದೆ, ಆಗ ಬೇಕಾಗುತ್ತದೆ. ಹಳೆಯ 2.6 ಲಕ್ಷದ ಅಸಲಿನ ಕಂತು ಒಂದು ವರ್ಷದ ವಿರಾಮ ಮುಗಿದ ಕೂಡಲೇ ಶುರುವಾಗುತ್ತದೆ: 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 7,200, ಬಡ್ಡಿ ಬೇರೆ. ಯಾವ ತಿಂಗಳಿನಿಂದ ಎಂದು ಪಾಸ್‌ಬುಕ್ ನೋಡಿ ಇವತ್ತೇ ಬರೆದಿಟ್ಟುಕೊಳ್ಳಿ. ಹಲವರು ಮರೆತಿರುವುದು ಇದನ್ನೇ.

ಎಲ್ಲ ಸೇರಿಸಿ ನೋಡಿ. ಮುಚ್ಚಿದರೆ 1,40,000 ಹೋಗುತ್ತಿತ್ತು. ವಾರದ ಊಟದಿಂದ ಐದು ಜನರ ಹೆಚ್ಚುವರಿ ಖರ್ಚು ಕಳೆದು 33,700 ಬಂತು, ಕೌಂಟರಿನಿಂದ 27,000, ಬಾಡಿಗೆಯಲ್ಲಿ 19,000 ಉಳಿಯಿತು, ಕಂತು ಮುಂದೆ ಹೋದರೆ 24,500. ಕೈಯಿಂದ ಹೋಗುವುದು ತಿಂಗಳಿಗೆ ಸುಮಾರು 36,000, ಜುಲೈಯಲ್ಲಿ ಹಳೆ ಸಾಲದ ಕಂತು ಶುರುವಾದರೆ 43,000. ಅದೇ 1.6 ಲಕ್ಷ ಈಗ ಸೆಪ್ಟೆಂಬರ್ ಮಧ್ಯದವರೆಗೆ ಬರುತ್ತದೆ. ಊಟ 80ಕ್ಕೆ ಬದಲು 50ಕ್ಕೇ ನಿಂತರೆ ತಿಂಗಳಿಗೆ 25,000 ಹೆಚ್ಚು ಹೋಗುತ್ತದೆ. ಆಗಲೂ ಜುಲೈ ದಾಟುತ್ತೀರಿ. ಪ್ರತಿ ಶನಿವಾರ ರಾತ್ರಿ ಈ ಪಟ್ಟಿಯನ್ನು ಒಮ್ಮೆ ತಿದ್ದಿ, ಅಂದಾಜು ಒಂದು ಕಡೆ, ಆದದ್ದು ಇನ್ನೊಂದು ಕಡೆ.

ದುಡ್ಡು ಕಡಿಮೆ ಬಿದ್ದ ವಾರ ಯಾರಿಗೆ ಮೊದಲು ಕೊಡಬೇಕು ಎಂದರೆ ಕೆಲಸದವರಿಗೆ, ಆಮೇಲೆ ಹಾಲು, ತರಕಾರಿ, ಕಾಯಿಯವರಿಗೆ, ಆಮೇಲೆ ಇಎಸ್‌ಐ, ಕೊನೆಗೆ ಬ್ಯಾಂಕು, ಬಾಡಿಗೆ. ಮದುವೆ ಅಡುಗೆಗೆಂದು ಯಾರಾದರೂ ಕೊಟ್ಟಿದ್ದ ಮುಂಗಡ ನಿಮ್ಮಲ್ಲಿದ್ದರೆ ಅದನ್ನು ಈ 1.6 ಲಕ್ಷದಲ್ಲಿ ಸೇರಿಸಬೇಡಿ, ಅದು ವಾಪಸ್ಸು ಕೊಡಬೇಕಾದ ದುಡ್ಡು. ಮೀಟರ್ ಬಡ್ಡಿಯವರ ಹತ್ತಿರ ಮಾತ್ರ ಹೋಗಬೇಡಿ. ತೀರಾ ತುರ್ತಾದರೆ ಪಿಗ್ಮಿ ಠೇವಣಿಯ (ದಿನದಿನ ಕಟ್ಟುವ ಉಳಿತಾಯ) ಮೇಲಿನ ಸಾಲವೇ ಕಡಿಮೆ ಅಪಾಯದ್ದು, ಚಿನ್ನ ಅದರ ನಂತರ.

ಇನ್ನು ಹೋಟೆಲಿನ ಹಾಲ್, ಅಡುಗೆಮನೆಯ ಕಡೆ ಸ್ವಲ್ಪ ಗಮನ ಬೇಕು, ಜೂನ್ ಮೊದಲ ವಾರಕ್ಕೆ ಮಳೆ ಹಿಡಿಯುತ್ತದೆ. ಬಳಸದ ಫ್ರೀಜರನ್ನು ತೊಳೆದು ಒರೆಸಿ, ಬಾಗಿಲಿಗೆ ಮರದ ತುಂಡು ಕೊಟ್ಟು ತೆರೆದೇ ಇಡಿ, ಮುಚ್ಚಿದರೆ ಬೂಷ್ಟು ಹಿಡಿದು ರಬ್ಬರ್ ಹಾಳಾಗುತ್ತದೆ. ರವೆ, ಮೈದಾ, ಬೇಳೆಯಲ್ಲಿ ಒಂದು ತಿಂಗಳಿಗೆ ಆಗಿ ಉಳಿಯುವುದನ್ನು ಹುಳ ಬರುವ ಮೊದಲೇ ಕೆಲಸದವರ ಮನೆಗೆ ಹಂಚಿ ಅಥವಾ ದಿನಸಿಯವರಿಗೆ ವಾಪಸ್ಸು ಕೊಡಿ. ಬಳಸದ ಒಲೆಗಳ ಗ್ಯಾಸ್ ಕೊಳವೆಯನ್ನು ಸಿಲಿಂಡರಿನಿಂದ ಬಿಚ್ಚಿಡಿ, ಇಲಿ ಕಚ್ಚುವುದು ಅಲ್ಲಿಗೇ. ಮತ್ತೆ ತೆರೆಯುವ ದಿನ ಟ್ಯಾಂಕಿನ ನಿಂತ ನೀರನ್ನು ಪೂರ್ತಿ ಖಾಲಿ ಮಾಡಿ ತೊಳೆದು, ಪ್ರತಿ ನಲ್ಲಿಯನ್ನೂ ಐದು ನಿಮಿಷ ಬಿಟ್ಟ ಮೇಲೆಯೇ ಅಡುಗೆಗೆ ನೀರು ಹಿಡಿಯಿರಿ.